ನೀಲವ್ವನ ಒಂದು ದಿನದ ಸರ್ಕಾರ

ಆ ಪುಟ್ಟ ರಾಜ್ಯದಲ್ಲಿ ದಿನಾ ಬೆಳಿಗ್ಗೆ ಚುನಾವಣೆ, ಸಂಜೆತನಕ ಸರ್ಕಾರ. ಗೆದ್ದವರು ಮೊದಲು ಮಾಡುವುದೇ ನಿನ್ನೆಯ ಆದೇಶವನ್ನು ತಿರುವುಮುರುವು ಮಾಡುವ ಕೆಲಸ. ಹಾಗೆ ತಿರುಗಿಸಿದ್ದನ್ನು ಮಾತ್ರ ಮತ್ತಾರೂ ಮುಟ್ಟುವಂತಿಲ್ಲ.

ಮಂಗಳವಾರ ಗೆದ್ದವಳು ನುಗ್ಗೆಕಾಯಿ ಮಾರುವ ನೀಲವ್ವ. ಬುಟ್ಟಿ ಹೊತ್ತು ಮೂರು ಮೈಲಿ ನಡೆದೂ ನಡೆದೂ ಅವಳ ಮೊಣಕಾಲುಗಳು ಸವೆದಿದ್ದವು. ತನ್ನೂರು ಕಡ್ಲಿಕೊಪ್ಪದಲ್ಲಿ ಬಸ್ಸು ನಿಂತರೆ ಸಾಕಿತ್ತು.

"ಬರಕೋರಿ ಸಾಹೇಬ್ರ," ಎಂದಳು ಕಾರ್ಯದರ್ಶಿಗೆ. "ಕಡ್ಲಿಕೊಪ್ಪದಾಗ ಬಸ್ ನಿಲ್ಲಬಾರದು."

"ಯವ್ವಾ, ಈಗೂ ನಿಲ್ಲಂಗಿಲ್ಲಲ್ಲ?"

"ನಾಳಿ ಗೆಲ್ಲಾಕಿ ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ. ನಾ ಕುಂದ್ರು ಅಂದ್ರ ಓಡಾಕಿ. ನೀವು ಬರೀರಿ."

ಬುಧವಾರ ನೆಗೆಣ್ಣಿ ಗೆದ್ದು, ಹಲ್ಲು ಕಡಿಯುತ್ತಾ ಮೊದಲ ಸಹಿ ಹಾಕಿದಳು. ಹತ್ತಕ್ಕೆ ಬಸ್ಸು ಕಡ್ಲಿಕೊಪ್ಪದಲ್ಲಿ ನಿಂತಿತು.

"ಎಂಥಾ ಕೆಟ್ಟ ಸರ್ಕಾರ ಬಂತಪಾ!" ಎನ್ನುತ್ತಾ ನೀಲವ್ವ ಕಿಟಕಿಯ ಪಕ್ಕ ಕಾಲು ಚಾಚಿ ಕೂತಳು.