ನೊಣದಷ್ಟು ದೇಶ

ಜಲಜಾಳ ಗಂಡ ನೈಜೀರಿಯಾದಲ್ಲಿ, ಓರಗಿತ್ತಿ ವಿನೋದಾಳ ಗಂಡ ಮಾಲ್ಡೀವ್ಸಿನಲ್ಲಿ. ಇಬ್ಬರೂ ಹಿತ್ತಲಲ್ಲಿ ಬಂಗುಡೆ ಸ್ವಚ್ಛ ಮಾಡಲು ಕೂತರೆ ಸಾಕು, ಎರಡು ದೇಶಗಳಿಗೆ ಯುದ್ಧ ಶುರು.

"ನಿನ್ನ ಗಂಡನದ್ದು ಎಂಥ ದೇಶ ಮಾರಾಯ್ತಿ! ಮ್ಯಾಪಿನ ಮೇಲೆ ಒಂದು ನೊಣ ಕೂತರೆ ಕಾಣುದೇ ಇಲ್ಲ," ಎಂದಳು ಜಲಜಾ.

"ನಿಮ್ಮದು ದೊಡ್ಡದೇ ಅಕ್ಕ. ಒಂದು ಫೋನು ಬರ್ಲಿಕ್ಕೆ ಎರಡು ತಿಂಗಳು ಬೇಕು."

"ಇಪ್ಪತ್ತು ಕೋಟಿ ಜನ ಇರುವ ದೇಶ! ನಮ್ಮವರಿಗೆ ತಲೆ ತುರಿಸ್ಲಿಕ್ಕೂ ಪುರುಸೊತ್ತಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಸಮುದ್ರಕ್ಕೆ ಬೀಳುವ ಜಾಗ ಅಲ್ಲ ಅದು."

ವಿನೋದಾ ಮೀನಿನ ತಲೆ ಕತ್ತರಿಸಿ ಬದಿಗಿಟ್ಟಳು.

"ಹೌದಕ್ಕ, ನಮ್ಮದು ಸಣ್ಣ ಜಾಗ. ಅದಕ್ಕೇ ನೈಜೀರಿಯಾದಲ್ಲಿರುವ ಭಾವ ಮಾಲ್ಡೀವ್ಸಿನಲ್ಲಿ ಯಾವುದೋ ಹೆಂಗಸಿನ ಜೊತೆ ತರಕಾರಿಗೆ ಹೊರಟರೂ ನಮ್ಮವರ ಕಣ್ಣಿಗೆ ಬೀಳ್ತಾರೆ."