ತಿಥಿ ಹೇಳುವ ಆಪ್

ತೀರಿಕೊಂಡ ಹೆಂಡತಿಯ ಮೊದಲ ವರ್ಷದ ಶ್ರಾದ್ಧ ಒಂದು ದಿನವೂ ಆಚೀಚೆ ಆಗಬಾರದೆಂಬುದು ಶೇಷಗಿರಿರಾಯರ ಚಿಂತೆ. ಮಗಳು ಮಾಲಿನಿ ಮೊಬೈಲಿನಲ್ಲಿ ಪಂಚಾಂಗದ ಆಪ್ ತೆರೆದಳು. ತೆರೆದೊಡನೆ ಭೋಂ ಎಂದು ಶಂಖ ಮೊಳಗಿತು.

"ಇದಕ್ಕೆ ಶಂಖ ಬೇರೆ ಕೇಡು!" ಎಂದರು ರಾಯರು.

"ನೂರಾರು ಜನ ಐದು ಸ್ಟಾರ್ ಕೊಟ್ಟಿದ್ದಾರಪ್ಪ. ಅಮ್ಮನ ತಿಥಿ ಬರೋ ಗುರುವಾರ ಅಂತ ತೋರಿಸ್ತಿದೆ."

"ಹೊಗಳೋಕೆ ಬಾಡಿಗೆಗೂ ಜನ ಸಿಗ್ತಾರೆ. ಬೈದವರು ಏನು ಬರೆದಿದ್ದಾರೆ, ಅದನ್ನ ಓದು."

ಬೈದವರು ಒಬ್ಬರೇ ಇದ್ದರು, ಅದೂ ಹೆಸರಿಲ್ಲದೆ. ಮಾಲಿನಿ ಓದಿದಳು: "ಇದನ್ನು ನಂಬಬೇಡಿ. ತಿಥಿ ತಪ್ಪಿದ ಪಿಂಡವನ್ನು ಕಾಗೆಯೂ ಮುಟ್ಟದು. ಪುರೋಹಿತರನ್ನೇ ಕೇಳಿ."

ರಾಯರ ಕಣ್ಣು ತುಂಬಿತು. "ಬಲ್ಲವರು ಬರೆದದ್ದು ಕಣಮ್ಮ. ಏಳು, ಜೋಯಿಸರ ಮನೆಗೆ ಹೋಗೋಣ."

ಹೆಂಡತಿ ತೀರಿಕೊಂಡ ದಿನ ತಿಳಿಸಿ, ಆಪ್ ನಂಬದೆ ಬಂದೆವು ಎಂದಷ್ಟೇ ರಾಯರು ಹೇಳಿದರು. ಜೋಯಿಸರು ತಲೆದೂಗಿದರು.

"ಬಂದದ್ದು ಒಳ್ಳೇದಾಯ್ತು ರಾಯರೇ. ತಿಥಿ ತಪ್ಪಿದ ಪಿಂಡವನ್ನ ಕಾಗೆಯೂ ಮುಟ್ಟದು. ಕೂತಿರಿ, ಪಂಚಾಂಗ ನೋಡಿ ಬರ್ತೀನಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಕಿದ ಬಾಗಿಲಿನ ಹಿಂದೆ ಭೋಂ ಎಂದು ಶಂಖ ಮೊಳಗಿತು.