ತಾತ ತಟ್ಟಿ ನೋಡಿದ ಎದೆ

ಎಕ್ಸ್‌ರೇ ಬೇಡದ, ಎದೆಯ ಚಿತ್ರ ತೆಗೆಯುವ ಹೊಸ ಯಂತ್ರದೊಳಗೆ ಮಗಳನ್ನು ಮಲಗಿಸಿ ಹೊರಗೆ ಕೂತಿದ್ದೇನೆ. ಗೋಡೆಯಾಚೆ ಅದು ಟಕ್ ಟಕ್ ಎಂದು ಬಡಿಯುತ್ತಲೇ ಇದೆ.

ಚಿಕ್ಕಂದಿನಲ್ಲಿ ನನಗೂ ಉಬ್ಬಸವಿತ್ತು. ಒಂದು ಮಧ್ಯಾಹ್ನ ಡಾಕ್ಟರು ಮತ್ತೆ ಎಕ್ಸ್‌ರೇ ಬರೆದುಕೊಟ್ಟ ಚೀಟಿ ಹಿಡಿದು, ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ನಮ್ಮ ಮನೆಯ ಹೊಸ್ತಿಲ ಮೇಲೇ ಅಮ್ಮ ಸುಸ್ತಾಗಿ ಕೂತುಬಿಟ್ಟಳು.

"ಎಷ್ಟು ಸಲಾಂತ ಮಗೀಗೆ ಎಕ್ಸ್‌ರೇ ತೆಗೆಸ್ತೀಯಮ್ಮ? ಬಾರ್ಲಾ ಇಲ್ಲಿ, ನಾನು ನೋಡ್ತೀನಿ," ಅಂದರು ತಾತ. ಗಣಿಯೊಳಗೆ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಿ, ಅದು ನಿಲ್ಲುವಂಥದ್ದೋ ಬೀಳುವಂಥದ್ದೋ ಎಂದು ಸದ್ದಿನಲ್ಲೇ ಹೇಳುತ್ತಿದ್ದವರು ಅವರು. ಉಪ್ಪುಕಾಗದದಂಥ ಬೆರಳುಗಳಿಂದ ನನ್ನ ಬೆನ್ನನ್ನು ಮೇಲಿಂದ ಕೆಳಗೆ ತಟ್ಟಿ, ಕಿವಿಯಿಟ್ಟು ಕೇಳಿದರು.

"ಗಟ್ಟಿ ಐತೆ ಕಣ್ಲಾ, ಎದರ್ಕೋಬ್ಯಾಡ."

ಅಮ್ಮ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಗ್ಗೆ ಆಸ್ಪತ್ರೆಗೆ ಹೋಗಲೇಬೇಕಿತ್ತು.

ನನಗೆ ಅದು ಆಟವಾಗಿತ್ತು. ನಾನೂ ತಾತನ ಎದೆ ತಟ್ಟಲು ಕೈ ಎತ್ತಿದೆ. ಅವರು ನನ್ನ ಕೈ ಹಿಡಿದುಕೊಂಡರು. ಕೆಮ್ಮು ಬಂತು, ಬಹಳ ಹೊತ್ತು ಬಂತು. ನಿಂತ ಮೇಲೆ ಮೆಲ್ಲಗೆ ಅಂದರು:

"ಇದನ್ನ ತಟ್ಟಬ್ಯಾಡ ಬಿಡ್ಲಾ. ಇದರ ಸದ್ದು ನಂಗೆ ಗೊತ್ತು."